ಹಾಡಿನ ಕೆಳಗಿನ ಮಾತು

ಎದುರು ಬೆಂಚಿನ ಹುಡುಗಿ ಮೊಬೈಲನ್ನು ಮುಖದ ಮಟ್ಟಕ್ಕೆ ಎತ್ತಿದ ಕೂಡಲೇ ತೋಂಟದಾರ್ಯ ಬೆವರು ಒರೆಸಿಕೊಳ್ಳುವವನಂತೆ ಹೆಗಲ ಮೇಲಿನ ಟವೆಲನ್ನು ಮುಖಕ್ಕೆ ತಂದುಕೊಂಡ. ಟವೆಲಿನ ಅಂಚಿನಿಂದ ಇಣುಕಿದರೆ ಹುಡುಗಿ ಮೊಬೈಲಿನಲ್ಲಿ ತನ್ನ ಹಣೆಬೊಟ್ಟು ನೋಡಿಕೊಂಡು, ಉಗುರಿನಲ್ಲಿ ಅದನ್ನು ತುಸು ಮೇಲಕ್ಕೆ ಸರಿಸಿ, ಮೊಬೈಲನ್ನು ಚೀಲಕ್ಕೆ ತುರುಕುತ್ತಿದ್ದಳು. ಅವಳು ಅವನ ಕಡೆ ನೋಡಿಯೂ ಇರಲಿಲ್ಲ. ಅದು ಗೊತ್ತಾದ ಮೇಲೂ ಟವೆಲು ಇಳಿಸಲು ಅವನಿಗೆ ಮನಸ್ಸಾಗಲಿಲ್ಲ. ಅರವತ್ತರ ಹತ್ತಿರಕ್ಕೆ ಬಂದ ಗಂಡಸು, ಬಿಳಿಗೆರೆಯಲ್ಲಿ ತೋಟ ತುಡಿಕೆ ಮಾಡಿಕೊಂಡು ನಾಲ್ಕು ಜನರ ನ್ಯಾಯಕ್ಕೆ ಕರೆಸಿಕೊಳ್ಳುತ್ತಿದ್ದವನು, ತಿಪಟೂರಿನ ಬಸ್ ನಿಲ್ದಾಣದಲ್ಲಿ ಹಾಡುಹಗಲೇ ಹೊಸ ಸೊಸೆಯ ಹಾಗೆ ಮುಖ ಮುಚ್ಚಿಕೊಂಡು ಕೂರುವ ಗತಿ ಬಂತಲ್ಲ ಎನಿಸಿ ನಾಚಿಕೆ, ಸಿಟ್ಟು ಎರಡೂ ಒಟ್ಟಿಗೇ ನುಗ್ಗಿಬಂದವು. ಈಚೆಗೆ ಅವನು ಒಂದು ವಿದ್ಯೆ ಕಲಿತಿದ್ದ. ಮೊಬೈಲು ಹಿಡಿದವರ ಹೆಬ್ಬೆರಳು ಆಡುತ್ತಿದ್ದರೆ ಅವರು ಏನನ್ನೋ ಓದುತ್ತಿದ್ದಾರೆ. ಹೆಬ್ಬೆರಳು ಆಡದೆ ನಿಂತುಬಿಟ್ಟಿದ್ದರೆ ಯಾರನ್ನೋ ವಿಡಿಯೋದಲ್ಲಿ ಹಿಡಿಯುತ್ತಿದ್ದಾರೆ. ಬಸ್ಸು ಹತ್ತಿದರೂ, ಹೋಟೆಲಿಗೆ ಹೋದರೂ, ಸೊಸೈಟಿಯ ಮುಂದೆ ನಿಂತರೂ ಅವನ ಕಣ್ಣು ಮೊದಲು ಜನರ ಹೆಬ್ಬೆರಳಿಗೆ ಹೋಗುತ್ತಿತ್ತು. ಇಂಥ ವಿದ್ಯೆ ಶತ್ರುವಿಗೂ ಬೇಡ.

ತುರುವೇಕೆರೆಯ ಮೇಲೆ ಮಾಯಸಂದ್ರಕ್ಕೆ ಹೋಗುವ ಬಸ್ಸು ಬಂತು. ಕಿಟಕಿಯ ಪಕ್ಕದ ಸೀಟು ಖಾಲಿಯಿದ್ದರೂ ಅವನು ಒಳಗಿನ ಸೀಟಿನಲ್ಲಿ ಕೂತ. ಹಿಂದೆ ಹೀಗಿರಲಿಲ್ಲ. ಕೊಬ್ಬರಿ ಬೆಲೆಗಾಗಿ ತಿಪಟೂರಿನಲ್ಲಿ ರಸ್ತೆ ತಡೆ ನಡೆದಾಗ ಟಿವಿಯವರು ಬಂದಿದ್ದರು. ಕ್ಯಾಮೆರಾ ಕಂಡದ್ದೇ ತಡ ಇದೇ ತೋಂಟದಾರ್ಯ ಇಬ್ಬರು ಮುದುಕರನ್ನು ಮೊಣಕೈಯಲ್ಲಿ ತಳ್ಳಿ ಮುಂದೆ ಬಂದು, ಟವೆಲು ಝಾಡಿಸಿ, ಗಂಟಲು ಹರಿಯುವ ಹಾಗೆ ಘೋಷಣೆ ಕೂಗಿದ್ದ. ಸಂಜೆ ಮನೆಯವರು, ನೆರೆಮನೆಯವರು ಎಲ್ಲ ಟಿವಿ ಮುಂದೆ ಕೂತು ಕಾದರೆ ಬಂದದ್ದು ಅವನ ಎಡಗಿವಿ ಮಾತ್ರ. ‘ಇದು ನಂದೇ ಕಿವಿ ಕಣ್ರೀ’ ಎಂದು ಅವನು ಎದ್ದು ನಿಂತು ಪರದೆಗೆ ಬೆರಳಿಟ್ಟು ತೋರಿಸಿದ್ದನ್ನು ಹೆಂಡತಿ ಗಿರಿಜಾಂಬಿಕಾ ವರ್ಷಗಟ್ಟಲೆ ಹೇಳಿಕೊಂಡು ನಕ್ಕಿದ್ದಳು. ಆಗ ಕ್ಯಾಮೆರಾ ಬಂದರೆ ಬಂತು ಎಂದು ಗೊತ್ತಾಗುತ್ತಿತ್ತು. ಅದಕ್ಕೊಂದು ಕಾಲು, ಒಂದು ವೈರು, ಹಿಡಿದವನ ಕೊರಳಲ್ಲೊಂದು ಚೀಟಿ ಇರುತ್ತಿತ್ತು. ಹಿಡಿಯುವವನ ಹೆಸರು ಕೇಳಬಹುದಿತ್ತು. ಮಾಯಸಂದ್ರದಲ್ಲಿ ಅವನನ್ನು ಹಿಡಿದವನ ಹೆಸರು ಅವನಿಗೆ ಈವತ್ತಿನವರೆಗೂ ಗೊತ್ತಿಲ್ಲ. ಆ ವಿಡಿಯೋದಲ್ಲಿ ಎಲ್ಲರೂ ಇದ್ದಾರೆ, ಹಿಡಿದವನೊಬ್ಬನನ್ನು ಬಿಟ್ಟು. ಸುತ್ತ ನಿಂತು ಮೊಬೈಲು ಎತ್ತಿದ್ದವರ ಮುಖವೂ ಇಲ್ಲ, ಬರೀ ಕೈಗಳಿವೆ. ಮೊಬೈಲು ತೆಗೆಯದೆ ಬಗ್ಗಿದ್ದವನೊಬ್ಬನಿಗೆ ಮಾತ್ರ ಮುಖವಿದೆ.

ಆದದ್ದು ಇಷ್ಟು. ನೆಂಟರ ಮನೆಯಿಂದ ವಾಪಸು ಬರುವಾಗ ಅವನು ಮಾಯಸಂದ್ರದಲ್ಲಿ ಬಸ್ಸಿಗೆ ಕಾಯುತ್ತಿದ್ದ. ಪಕ್ಕದ ತೋಟದಲ್ಲಿ ಕಾಯಿ ಕೀಳುತ್ತಿದ್ದ ದುರ್ಗಯ್ಯನೆಂಬವನು ಮರದಿಂದ ಜಾರಿ, ಬೇಲಿಯಿಂದ ಇತ್ತ, ರಸ್ತೆಯ ಅಂಚಿಗೆ ಬಿದ್ದ. ಕಾಯಿಗೊನೆ ಬಿದ್ದ ಸದ್ದೇ ಬಂದದ್ದರಿಂದ ಮೊದಲು ಯಾರೂ ತಿರುಗಿಯೂ ನೋಡಲಿಲ್ಲ. ಆಮೇಲೆ ಯಾರೋ ಕೂಗಿಕೊಂಡರು. ಜನ ಕೂಡಿದರು, ಮೊಬೈಲುಗಳು ಮೇಲೆದ್ದವು. ಎಲ್ಲರಿಗಿಂತ ಹತ್ತಿರವಿದ್ದ ತೋಂಟದಾರ್ಯ ಬಗ್ಗಿ ನೋಡಿದ. ರಕ್ತ ಹೆಚ್ಚೇನೂ ಇರಲಿಲ್ಲ. ಆದರೆ ಸೊಂಟದಿಂದ ಕೆಳಗಿನ ಭಾಗ ಬೇರೆ ಯಾರದೋ ಎಂಬಂತೆ ಬಿದ್ದಿತ್ತು. ದುರ್ಗಯ್ಯ ಕಣ್ಣು ಬಿಟ್ಟು ‘ನೀರು’ ಎಂದ. ಪಕ್ಕದಲ್ಲಿದ್ದ ಒಬ್ಬಾಕೆ ತೋಂಟದಾರ್ಯನ ಚೀಲದ ಬದಿಯಲ್ಲಿದ್ದ ಸ್ಟೀಲಿನ ಬಾಟಲಿಯನ್ನು ಎಳೆದು, ಮುಚ್ಚಳ ತಿರುವಿ, ಬಿದ್ದವನ ಬಾಯಿಯ ಹತ್ತಿರ ಒಯ್ದಳು. ತೋಂಟದಾರ್ಯ ಅದನ್ನು ಕಿತ್ತುಕೊಂಡ. ಮರದಿಂದ ಬಿದ್ದವರಿಗೆ ನೀರು ಕೊಡಬಾರದು ಎಂದ. ಆ ಸೀಮೆಯಲ್ಲಿ ಹುಟ್ಟಿದ ಯಾರಿಗೂ ಗೊತ್ತಿರುವ ಮಾತು ಅದು. ಬಿದ್ದವನಿಗೆ ನೀರು ಕುಡಿಸಿದರೆ ಅಲ್ಲೇ ಪ್ರಾಣ ಹೋಗುತ್ತದೆ ಎಂದು ಅವನ ಅಪ್ಪ, ಅಪ್ಪನ ಅಪ್ಪ ಎಲ್ಲ ಹೇಳಿಕೊಂಡು ಬಂದದ್ದೇ. ಯಾವುದೋ ಆಟೋ ಬಂತು, ಅದರಲ್ಲಿ ಹಾಕಿಕೊಂಡು ಹೋದರು, ತುರುವೇಕೆರೆ ತಲುಪುವ ಮೊದಲೇ ದುರ್ಗಯ್ಯ ತೀರಿಕೊಂಡ. ನೀರಿಲ್ಲದೆಯೇ ತೀರಿಕೊಂಡ.

ವಿಡಿಯೋ ಮಾರನೆಯ ದಿನ ಬಂತು. ಅರ್ಧ ನಿಮಿಷವೂ ಇಲ್ಲ. ಅವನ ಕೈ ಬಾಟಲಿಗೆ ಹೋಗುವ ಕಡೆ ನಿಧಾನ ಮಾಡಿದ್ದರು, ಮುಖದ ಸುತ್ತ ಕೆಂಪು ಬಣ್ಣದಲ್ಲೊಂದು ಸುತ್ತು ಹಾಕಿದ್ದರು, ಮೇಲೆ ‘ಎಲ್ಲಿದೆ ಮಾನವೀಯತೆ?’ ಎಂದು ಬರೆದಿದ್ದರು, ಮೊದಲಿನಿಂದ ಕೊನೆಯವರೆಗೂ ಒಂದು ಅಳುವ ಹಾಡು ತುಂಬಿಸಿದ್ದರು. ದುರ್ಗಯ್ಯ ನೀರು ಕೇಳಿದ್ದೂ ಹಾಡಿನ ಕೆಳಗೆ ಹೋಗಿತ್ತು, ಕೊಡಬಾರದು ಎಂದು ಅವನು ಹೇಳಿದ್ದೂ ಹಾಡಿನ ಕೆಳಗೆ ಹೋಗಿತ್ತು. ಹಾಸನದಲ್ಲಿರುವ ಮಗಳು ಅನುಪಮಾ ಫೋನು ಮಾಡಿ, ‘ಅಪ್ಪಾಜಿ, ಇದು ನೀವಾ?’ ಎಂದು ಕೇಳಿದಳು. ನಾನಲ್ಲ ಎಂದುಬಿಡಬಹುದು ಎಂದು ಒಂದು ಗಳಿಗೆ ಅವನಿಗೆ ಅನಿಸಿತ್ತು. ಕೆಳಗೆ ಜನ ಬರೆದದ್ದನ್ನು ಓದುತ್ತ ಹೋದ. ಮರಕ್ಕೆ ಕಟ್ಟಿ ಹೊಡೆಯಿರಿ ಎಂದವರಿದ್ದರು, ಇವನಿಗೂ ಕೊನೆಗಾಲಕ್ಕೆ ತೊಟ್ಟು ನೀರು ಸಿಗದಿರಲಿ ಎಂದವರಿದ್ದರು, ಜಾತಿ ಬುದ್ಧಿ ಎಂದವರಿದ್ದರು. ಒಬ್ಬ ಪುಣ್ಯಾತ್ಮ ಮಾತ್ರ, ಬೆನ್ನು ಮುರಿದವರಿಗೆ ಬಾಯಿಂದ ನೀರು ಕೊಡಬಾರದೆಂದು ವೈದ್ಯರೂ ಹೇಳುತ್ತಾರೆ, ಆ ಹಿರಿಯರು ಮಾಡಿದ್ದು ಸರಿ ಎಂದು ಬರೆದಿದ್ದ. ತೋಂಟದಾರ್ಯ ದಿನಾ ಬೆಳಿಗ್ಗೆ ಮುಖ ತೊಳೆಯುವ ಮೊದಲು ಆ ಒಂದು ಮಾತನ್ನು ಹುಡುಕಿ ಓದುತ್ತಿದ್ದ. ಬೈಗುಳಗಳ ಕೆಳಗೆ ಅದು ದಿನದಿನಕ್ಕೆ ಆಳಕ್ಕೆ ಹೋಗುತ್ತಿತ್ತು. ಹುಡುಕಲು ಹೆಚ್ಚು ಹೊತ್ತು ಹಿಡಿಯುತ್ತಿತ್ತು. ಹೀಗೆ ಒಬ್ಬ ಅಪರಿಚಿತನ ಕೃಪೆಗೆ ಕೈಯೊಡ್ಡಿ ನಿಲ್ಲುವುದು ಅವನಿಗೆ ಬೈಗುಳಕ್ಕಿಂತ ಹೆಚ್ಚು ಅವಮಾನವಾಗಿತ್ತು, ಆದರೂ ಬಿಡಲಾಗಲಿಲ್ಲ.

ಬಸ್ಸು ನೊಣವಿನಕೆರೆ ದಾಟಿತು. ರಸ್ತೆಯ ಎರಡೂ ಕಡೆ ತೆಂಗು, ತೆಂಗಿನ ಹಿಂದೆ ತೆಂಗು. ಈ ಮರಗಳನ್ನು ಅವನು ಹುಟ್ಟಿದಂದಿನಿಂದ ನೋಡಿದ್ದಾನೆ, ಆದರೆ ಯಾವತ್ತೂ ಅವುಗಳ ಎತ್ತರ ನೋಡಿರಲಿಲ್ಲ. ಈಗ ಎಷ್ಟು ಎತ್ತರ ಎಂಬುದೇ ಮೊದಲು ಕಾಣುತ್ತದೆ. ವಿಡಿಯೋವನ್ನು ಎಷ್ಟು ಸಲ ನೋಡಿದ್ದನೆಂದರೆ ಅವನ ಸ್ವಂತ ನೆನಪು ಅಳಿಸಿಹೋಗಿತ್ತು. ಆ ದಿನವನ್ನು ನೆನೆದರೆ ಬಿದ್ದ ದುರ್ಗಯ್ಯ ಕಾಣುತ್ತಿರಲಿಲ್ಲ, ಬಗ್ಗಿದ ತನ್ನ ಮುಖ ಕಾಣುತ್ತಿತ್ತು. ರಸ್ತೆಯ ಆ ಬದಿಯಲ್ಲಿ ನಿಂತು ತನ್ನನ್ನೇ ತಾನು ನೋಡಿದ ಹಾಗೆ. ಆಟೋಗೆ ಎತ್ತುವಾಗ ತಾನು ದುರ್ಗಯ್ಯನ ಕಾಲು ಹಿಡಿದಿದ್ದೆ ಎಂದು ಗಿರಿಜಾಂಬಿಕಾಗೆ ಹೇಳಿದ್ದ. ಹೇಳುವಾಗ ನಿಜವೆಂದೇ ಹೇಳಿದ್ದ. ಈಗ ಅನುಮಾನ. ವಿಡಿಯೋ ಅಷ್ಟರಲ್ಲಿ ಮುಗಿದುಹೋಗುತ್ತದೆ; ಅಲ್ಲಿಂದಾಚೆಗೆ ಏನಾಯಿತೆಂದು ಅವನನ್ನೇ ಕೇಳಿದರೆ ಅವನಿಗೂ ಗೊತ್ತಿಲ್ಲ. ಆದರೆ ವಿಡಿಯೋದಲ್ಲಿ ಇರುವುದೊಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಲಕ್ಷಗಟ್ಟಲೆ ಜನ ನೋಡಿದರೂ ಯಾರೂ ಕಾಣದೆ ಹೋದದ್ದು. ನಿಧಾನ ಮಾಡಿದ ಆ ಜಾಗದಲ್ಲಿ ಅವನ ಕೈ ಮೊದಲು ಹೋಗುತ್ತದೆ. ಬಾಟಲಿ ಕೈಗೆ ಬಂದು, ಎದೆಗೆ ಒತ್ತಿಕೊಂಡಾದ ಮೇಲೆ ಬಾಯಿ ತೆರೆಯುತ್ತದೆ. ನೀರು ಕೊಡಬಾರದು ಎಂಬ ಮಾತು ಕೈಯ ಹಿಂದೆ ಬಂದದ್ದು. ಹಾಗಾದರೆ ಕೈ ಹೋದದ್ದು ಯಾತಕ್ಕೆ?

ಯಾತಕ್ಕೆ ಎಂಬುದನ್ನು ಅವನು ಮನಸ್ಸಿನಲ್ಲಿ ಪೂರಾ ಹೇಳಿಕೊಂಡಿರಲಿಲ್ಲ. ಮಲಗಿದವನು ಎತ್ತಿ ಕುಡಿಯಲಾರ, ಕಚ್ಚಿಯೇ ಕುಡಿಯಬೇಕು. ಇಷ್ಟು ಹೊಳೆದಿತ್ತು, ಹೊಳೆದಿತ್ತು ಎಂದರೂ ಹೆಚ್ಚೇ ಆಯಿತು, ಕೈಗೆ ಅದು ಮೊದಲೇ ಗೊತ್ತಿತ್ತು. ಕಾಯಿ ಕೀಳುವವರಿಗೆ ಅವನ ತೋಟದಲ್ಲಿ ಅವ್ವ ಬೊಗಸೆಗೆ ನೀರು ಹೊಯ್ಯುತ್ತಿದ್ದಳು, ಚೊಂಬನ್ನು ಅಷ್ಟೆತ್ತರದಲ್ಲಿ ಹಿಡಿದು. ಅದು ಆ ಕಾಲ. ಅವನು ಹಾಗಲ್ಲ. ಅವನ ಮನೆಯಲ್ಲಿ ಆಳುಗಳಿಗೆ ಲೋಟ ಇದೆ, ಬೇರೆಯದಾದರೂ ಲೋಟ. ಹೋಟೆಲಿನಲ್ಲಿ ಯಾರು ಕುಡಿದ ಲೋಟದಲ್ಲಿ ಯಾರು ಕುಡಿಯುತ್ತಾರೋ ಅವನೆಂದೂ ಕೇಳಿದವನಲ್ಲ. ಅಪ್ಪ ಸಾಯುವಾಗ ಅವನೇ ಚಮಚದಲ್ಲಿ ಪಾದೋದಕ ಬಿಟ್ಟಿದ್ದ. ಅರ್ಧ ಒಳಗೆ ಹೋಯಿತು, ಅರ್ಧ ಕಟವಾಯಿಯಲ್ಲಿ ಇಳಿಯಿತು. ನೋಡಿದವರೆಲ್ಲ, ಪುಣ್ಯವಂತ, ಮಗನ ಕೈಯಲ್ಲಿ ನೀರು ಕುಡಿದು ಹೋದ ಎಂದಿದ್ದರು. ಬಾಯಿಗೆ ನೀರು ಬಿಡುವವರಿಲ್ಲದೆ ಸಾಯುವುದಕ್ಕಿಂತ ಕೆಟ್ಟ ಸಾವಿಲ್ಲ ಎಂದು ನಂಬುವ ಜನ, ಬಿದ್ದವನಿಗೆ ನೀರು ಬಿಡಬಾರದು ಎಂದೂ ನಂಬುತ್ತಾರೆ. ಬಿದ್ದವನು ಸಾಯುತ್ತಿದ್ದರೆ ಯಾವುದನ್ನು ಹಿಡಿಯಬೇಕು ಎಂದು ಯಾರೂ ಹೇಳಿಕೊಟ್ಟಿರಲಿಲ್ಲ. ಈ ವಾದ ಅವನಿಗೆ ಇಷ್ಟವಾಗುತ್ತಿತ್ತು. ವಾದ ಮುಗಿಯುವಷ್ಟರಲ್ಲಿ ಮತ್ತೆ ಕೈ ಮೊದಲು ಹೋಗುತ್ತಿತ್ತು.

ಗಿರಿಜಾಂಬಿಕಾ ಅವನ ಪರವೇ. ‘ನೀವು ಸರಿಯಾಗೇ ಮಾಡಿದ್ರಿ ಬುಡಿ, ಬಾಯಿ ಬಡ್ಕೊಳ್ಳೋರು ಬಡ್ಕೊಳ್ಲಿ’ ಎನ್ನುತ್ತಿದ್ದಳು. ಆದರೆ ಒಂದು ಬೆಳಿಗ್ಗೆ ಆ ಬಾಟಲಿಯನ್ನು ಹಿತ್ತಲ ಕಲ್ಲಿನ ಮೇಲೆ ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದುದನ್ನು ಅವನು ಕಂಡ. ‘ಅವನ ಬಾಯಿ ಮುಟ್ಟೇ ಇಲ್ವಲ್ಲೇ, ಯಾಕೆ ಹಂಗೆ ತಿಕ್ತೀಯ?’ ಎಂದ. ಅವಳು ತಲೆ ಎತ್ತಲಿಲ್ಲ. ತಿಕ್ಕುವುದನ್ನೂ ನಿಲ್ಲಿಸಲಿಲ್ಲ. ಅವತ್ತಿನಿಂದ ಅವರಿಬ್ಬರೂ ಆ ಮಾತು ಎತ್ತಿಲ್ಲ. ಈವತ್ತು ಹೊರಡುವಾಗ ಮಾತ್ರ ಅವಳು ಬಾಗಿಲಿಗೆ ಅಡ್ಡ ನಿಂತಿದ್ದಳು. ‘ಹೋಗ್ಬ್ಯಾಡಿ ಅಂದ್ರೆ ಕೇಳಲ್ಲ. ಆ ಜನ ಕೂತು ನಿಮ್ಮನ್ನ ಬೈತಾರೆ, ಅದನ್ನೂ ಯಾರಾದ್ರೂ ಹಿಡೀತಾರೆ. ಇನ್ನೊಂದ್ ವಿಡಿಯೋ ಆಗ್ಬೇಕಾ?’ ಅವನು ಚಪ್ಪಲಿ ಮೆಟ್ಟಿಕೊಂಡಿದ್ದ. ತಿಪಟೂರು, ತುರುವೇಕೆರೆ ಎರಡೂ ತಾಲ್ಲೂಕಿನ ತೋಟಗಳಲ್ಲಿ ಎಳನೀರು ಕೊಳ್ಳುವ ಗಂಗರಾಜು ಎರಡು ಸಲ ಹೇಳಿಯಾಗಿತ್ತು: ‘ದುರ್ಗಯ್ಯನ ಹೆಂಡ್ರು ನಿಮ್ಮನ್ನ ಒಂದ್ಸಲ ಬಂದೋಗ್ಲಿ ಅಂತವ್ರೆ ಕಣಣ್ಣ. ಯಾಕೆ ಏನು ಅಂತ ಹೇಳ್ಲಿಲ್ಲ.’ ಬೈಸಿಕೊಳ್ಳಬೇಕು ಎಂಬ ಆಸೆಯೇ ಅವನನ್ನು ಹೊರಡಿಸಿತ್ತು. ಕಂಡವರೆಲ್ಲ ಬೈದಾಯಿತು, ಬೈಯುವ ಹಕ್ಕಿದ್ದವಳು ಒಮ್ಮೆ ಬೈದುಬಿಟ್ಟರೆ ಇದಕ್ಕೊಂದು ಕೊನೆ ಸಿಕ್ಕೀತು ಎಂದುಕೊಂಡಿದ್ದ.

ಮಾಯಸಂದ್ರದಲ್ಲಿ ಇಳಿದು ಆ ಬೇಲಿಯ ಕಡೆ ನೋಡದೆ ದುರ್ಗಯ್ಯನ ಊರಾದ ಹುಣಸೆಕಟ್ಟೆಯ ದಾರಿ ಹಿಡಿದ. ಊರಿನ ಹೊರಗೆ ಸಾಲು ಮನೆಗಳು ಶುರುವಾಗುವ ಕಡೆ ಒಂದು ಫ್ಲೆಕ್ಸು ಕಟ್ಟಿದ್ದರು. ಯಾರದೋ ಮದುವೆಯ ಫೋಟೋದಿಂದ ಕತ್ತರಿಸಿ ತೆಗೆದ ದುರ್ಗಯ್ಯನ ಮುಖ, ಅದರ ಸುತ್ತ ಅಚ್ಚು ಹಾಕಿದ ಹೂವಿನ ಹಾರ. ಕೆಳಗೆ ‘ದುಃಖತಪ್ತರು: ಪತ್ನಿ ನಿರ್ಮಲಾ ಹಾಗೂ ಬಂಧು ಬಳಗ’ ಎಂದಿತ್ತು. ತೋಂಟದಾರ್ಯ ನಿಂತು ನೋಡಿದ. ದುರ್ಗಯ್ಯನಿಗೆ ಮುಂದಿನ ಒಂದು ಹಲ್ಲು ತುಸು ಮುರಿದಿತ್ತು, ನಗುವಾಗ ಅದನ್ನು ಮುಚ್ಚಲು ತುಟಿ ಎಳೆದುಕೊಂಡಿದ್ದ. ಅಷ್ಟು ಸಲ ವಿಡಿಯೋ ನೋಡಿದ್ದವನು ಈ ಮುಖವನ್ನು ಒಮ್ಮೆಯೂ ನೆಟ್ಟಗೆ ನೋಡಿರಲಿಲ್ಲ ಎಂಬುದು ಆಗ ಅವನಿಗೆ ಗೊತ್ತಾಯಿತು. ಪ್ರತಿ ಸಲವೂ ಅವನು ನೋಡಿದ್ದು ತನ್ನ ಮುಖವನ್ನೇ.

ದುರ್ಗಯ್ಯನ ಹೆಂಡತಿ ಜಗುಲಿಯ ಮೇಲೆ ಗರಿಯಿಂದ ಕಡ್ಡಿ ಸೀಳಿ ಪೊರಕೆಗೆ ಕೂಡಿಸುತ್ತ ಕೂತಿದ್ದಳು. ನಲವತ್ತರ ಆಚೆ ಈಚೆ ವಯಸ್ಸು. ಬಿಳಿಗೆರೆಯಿಂದ ಬಂದೆ ಎಂದು ಅವನು ಹೇಳಿದ ಕೂಡಲೇ ಎದ್ದು ಸೆರಗು ಹೊದ್ದುಕೊಂಡಳು. ‘ಬನ್ನಿ ಸ್ವಾಮಿ. ಗಂಗರಾಜು ಹೇಳಿದ್ನಾ? ಬತ್ತೀರೋ ಇಲ್ವೋ ಅಂದ್ಕೊಂಡಿದ್ದೆ’ ಎಂದು ಪ್ಲಾಸ್ಟಿಕ್ ಕುರ್ಚಿಯನ್ನು ಸೆರಗಿನಲ್ಲೇ ಒರೆಸಿ ಹಾಕಿದಳು. ಅವನು ಸುತ್ತ ನೋಡಿದ. ಯಾರ ಕೈಯಲ್ಲೂ ಮೊಬೈಲಿರಲಿಲ್ಲ, ಅಸಲಿಗೆ ಯಾರೂ ಇರಲಿಲ್ಲ. ‘ಬಿಸ್ಲಲ್ಲಿ ಬಂದೀರಿ. ಎಳನೀರೈತೆ, ಕೊಚ್ಚಿ ಕೊಡ್ತೀನಿ’ ಎಂದಳು. ಅವಳು ಮರ್ಯಾದೆಗೆ ಹೇಳಿದ್ದು, ಅಭ್ಯಾಸಕ್ಕೆ ಹೇಳಿದ್ದು. ಅವನಂಥವರು ಬಂದರೆ ಆ ಸಾಲಿನ ಮನೆಗಳಲ್ಲಿ ಎಳನೀರು ಕೊಡುವುದೇ ವಾಡಿಕೆ. ಕಾಯಿಯೊಳಗಿನ ನೀರಿಗೆ ಯಾರ ಕೈಯೂ ತಾಗಿರುವುದಿಲ್ಲ. ಅವನ ಮೈ ಬಿಸಿಯಾಯಿತು. ‘ಬ್ಯಾಡ ಕಣವ್ವ, ನೀರೇ ಕೊಡು’ ಎಂದ. ಅವಳು ಒಂದು ಗಳಿಗೆ ನಿಂತು, ಒಳಗೆ ಹೋಗಿ ಲೋಟ ತಂದಳು. ಅವನು ಅದನ್ನು ತೆಗೆದುಕೊಂಡು, ಏನೋ ದೊಡ್ಡದನ್ನು ಮಾಡುತ್ತಿರುವವನ ಹಾಗೆ ಕುಡಿದ. ಕುಡಿದು ಮುಗಿಸಿದ ಮೇಲೆ ಗೊತ್ತಾಯಿತು, ತಲೆ ಹಿಂದಕ್ಕೆ ಹಾಕಿ, ಲೋಟವನ್ನು ತುಟಿಗೆ ಸೋಕಿಸದೆ ಎತ್ತಿ ಕುಡಿದಿದ್ದ. ಎಲ್ಲ ಮನೆಗಳಲ್ಲೂ ಹಾಗೇ ಕುಡಿಯುವವನು ಅವನು, ಚಿಕ್ಕಂದಿನ ಅಭ್ಯಾಸ. ಆದರೆ ಅದನ್ನು ಈಗ ಇವಳಿಗೆ ಹೇಗೆ ಹೇಳುವುದು? ನೀರು ಅಂಗಿಯ ಮೇಲೆ ಚೆಲ್ಲಿತ್ತು. ಅವಳು ಲೋಟ ಇಸಿದುಕೊಂಡು ಕಟ್ಟೆಯ ಮೇಲಿಟ್ಟಳು.

‘ನಿಮ್ಮನ್ನ ಬೈಯಾಕೆ ಕರೆಸ್ಲಿಲ್ಲ ಸ್ವಾಮಿ’ ಎಂದು ಅವಳೇ ಶುರು ಮಾಡಿದಳು. ಮಡಿಲಿನಿಂದ ಮೊಬೈಲು ತೆಗೆದಳು. ಮೂಲೆ ಒಡೆದ, ರಬ್ಬರು ಸುತ್ತಿದ ಮೊಬೈಲು, ದುರ್ಗಯ್ಯನದೇ ಇರಬೇಕು. ಹಾಡು ಶುರುವಾಯಿತು. ತೋಂಟದಾರ್ಯನ ಕೈ ತಾನಾಗಿ ಟವೆಲಿಗೆ ಹೋಯಿತು. ‘ಇದ್ರಲ್ಲಿ ಅವ್ರು ಇನ್ನೂ ಉಸ್ರಾಡ್ತವ್ರೆ. ಅದಕ್ಕೇ ನೋಡ್ತೀನಿ. ಎಲ್ರೂ ನೋಡ್ಬ್ಯಾಡ ಅಂತಾರೆ, ಅಳಸ್ಬುಡು ಅಂತಾರೆ. ಬ್ಯಾರೆ ಎಲ್ಲೂ ಇಲ್ವಲ್ಲ ಅವ್ರು.’

‘ನಾನು… ಅವತ್ತು ನಾನು…’ ಎಂದು ಅವನು ತೊದಲಿದ.

‘ನೀವು ಯಾವ ಕಡೆ ಇದ್ದೀರೋ ನಾನು ನೋಡೇ ಇಲ್ಲ ಸ್ವಾಮಿ’ ಎಂದಳು ಅವಳು, ಸಮಾಧಾನ ಹೇಳುವವಳ ಹಾಗೆ. ‘ಇಲ್ಲಿ ನೋಡಿ. ಇಲ್ಲೇ. ತುಟಿ ಆಡ್ತದೆ. ಏನೋ ಅಂತಾರೆ. ಈ ಹಾಳು ಹಾಡು ಹಾಕ್ಬುಟ್ಟವ್ರೆ, ಒಂದೂ ಕೇಳಾಕಿಲ್ಲ. ಹಾಡು ತೆಗ್ದು ಮಾತು ಉಳ್ಸಿಕೊಡಿ ಅಂತ ಮೊಬೈಲ್ ಅಂಗಡೀಲೂ ಕೇಳ್ದೆ, ಆಗಾಕಿಲ್ಲ ಅಂದ್ರು. ಹತ್ರ ಇದ್ದೋರು ನೀವು, ಆ ಬಾಟ್ಲಿ ಹಿಡಿದೋಳು ಇಬ್ರೇ ಅಂತೆ, ಅವ್ಳು ಯಾರು ಅಂತ ಯಾರಿಗೂ ಗೊತ್ತಿಲ್ಲ. ಏನಂದ್ರು ಸ್ವಾಮಿ ಅವ್ರು?’

ಇಷ್ಟೇ ಅವಳಿಗೆ ಬೇಕಾದದ್ದು. ಅವನು ಬಸ್ಸಿನುದ್ದಕ್ಕೂ ಕಟ್ಟಿಕೊಂಡು ಬಂದ ವಾದವನ್ನು ಯಾರೂ ಕೇಳಿರಲಿಲ್ಲ. ಅವಳ ಕಣ್ಣಿನಲ್ಲಿ ಬೈಗುಳವಿರಲಿಲ್ಲ, ಬೇಡುವ ಆಸೆಯಿತ್ತು. ಅದನ್ನು ಕಂಡು ಅವನಿಗೆ ಅಳು ಬಂತು. ನೀರು ಎಂದ ಎಂದು ಹೇಳಿದರೆ ಇವಳಿಗೆ ಏನು ಉಳಿಯುತ್ತದೆ? ನೀರು ನೀರು ಎಂದು ಬಾಯಿ ಒಣಗಿ ಸತ್ತ ಗಂಡ, ಜೀವಮಾನವೆಲ್ಲ. ಆಗ ಫ್ಲೆಕ್ಸಿನ ಮೇಲಿನ ಹೆಸರು ನೆನಪಾಯಿತು. ನೀರು, ನಿರ್ಮಲಾ. ಶುರುವಾಗುವುದು ಒಂದೇ ಥರ. ದುರ್ಗಯ್ಯ ಅರ್ಧ ಹೇಳಿದನೋ ಏನೋ, ಹೆಸರೇ ಇರಬಹುದು, ಯಾಕಿರಬಾರದು? ಹೆಸರೇ ಆಗಿದ್ದರೆ ಅವನು ನೀರು ಕೇಳಲೇ ಇಲ್ಲ, ಕೇಳದ ನೀರನ್ನು ತಾನು ಕಿತ್ತುಕೊಳ್ಳಲೂ ಇಲ್ಲ. ಒಂದು ಮಾತಿನಲ್ಲಿ ಇಬ್ಬರಿಗೂ ಬಿಡುಗಡೆ. ತನ್ನ ಪಾಲಿನದನ್ನು ಅವನು ನೋಡದವನಂತೆ ಪಕ್ಕಕ್ಕಿಟ್ಟು, ಅವಳ ಪಾಲಿನದನ್ನು ಮಾತ್ರ ನೋಡಿ, ‘ನಿನ್ನ ಹೆಸರೇ ಕಣವ್ವ ಹೇಳಿದ್ದು. ನಿರ್ಮಲಾ ಅಂದ’ ಎಂದ.

ಅವಳ ಮುಖ ಅರಳಲಿಲ್ಲ. ಮೊಬೈಲನ್ನು ಮತ್ತೆ ಮೊದಲಿನಿಂದ ಹಚ್ಚಿ, ಪರದೆಯ ಮೇಲೆ ಬಗ್ಗಿ, ಆ ಜಾಗ ಬರುವವರೆಗೂ ನೋಡಿದಳು. ‘ನಿರ್ಮಲಾ ಅಂದ್ರಾ’ ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. ‘ಆ ಹೆಸ್ರು ಅವ್ರಿಗೆ ನೆಪ್ಪಿತ್ತೋ ಇಲ್ವೋ ಸ್ವಾಮಿ. ಇಸ್ಕೂಲಿಗೆ ಹಾಕ್ದಾಗ ಮೇಷ್ಟ್ರು ಬರ್ಕೊಂಡಿದ್ದು ಅದು. ಮನೇಲಿ ನಾನು ತಿಮ್ಮಕ್ಕ. ಅವ್ರು ಅದನ್ನೂ ಕರೀತಿರ್ಲಿಲ್ಲ. ಅಮ್ಮಿ ಅಂತಿದ್ರು.’ ಪರದೆ ತೋರಿಸಿ, ‘ಅಮ್ಮಿ ಅನ್ನಾಕೂ ತುಟಿ ಕೂಡ್ಬೇಕು, ನಿರ್ಮಲಾ ಅನ್ನಾಕೂ ತುಟಿ ಕೂಡ್ಬೇಕು. ಇದ್ರಲ್ಲಿ ತುಟಿ ಕೂಡಾಕಿಲ್ಲ. ನಾನೂ ಅಂದಂದು ನೋಡ್ದೆ’ ಎಂದಳು. ಅವಳ ದನಿಯಲ್ಲಿ ಆಪಾದನೆ ಇರಲಿಲ್ಲ. ನೀವಾದರೂ ಬೇರೇನಾದರೂ ಕೇಳಿರುತ್ತೀರಿ ಅಂದುಕೊಂಡಿದ್ದೆ ಎಂಬ ಆಯಾಸ ಮಾತ್ರ ಇತ್ತು. ‘ನೀರು ಕೇಳಿದ್ರು, ಅಲ್ವಾ?’

‘ಹೂಂ’ ಎಂದ ತೋಂಟದಾರ್ಯ.

ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಹಾಡು ಮುಗಿದು, ತಾನಾಗಿಯೇ ಮತ್ತೆ ಶುರುವಾಯಿತು. ಅವಳು ಅದನ್ನು ನಿಲ್ಲಿಸಿದಳು. ‘ಮರದಿಂದ ಬಿದ್ದೋರಿಗೆ ನೀರು ಕೊಡಬಾರ್ದು. ನಮ್ಮೋರೂ ಅಂಗೇ ಅಂತಾರೆ. ನಾನಿದ್ರೂ ಕೊಡ್ತಿರ್ಲಿಲ್ವೇನೋ’ ಎಂದಳು. ‘ಅದಕ್ಕೇ ತಾನೆ ಸ್ವಾಮಿ ನೀವು ಕೊಡ್ದೇ ಹೋಗಿದ್ದು?’

ಇಷ್ಟು ದಿನ ಹೆಂಡತಿಗೆ, ಮಗಳಿಗೆ, ನೆಂಟರಿಗೆ, ಕೇಳದವರಿಗೂ ನಿಲ್ಲಿಸಿ ಹೇಳಿದ ಮಾತದು. ಈಗ ಅವಳೇ ಅದನ್ನು ಅವನ ಕೈಗೆ ಇಡುತ್ತಿದ್ದಳು. ಹೌದು ಎಂದರೆ ಸಾಕಿತ್ತು. ಅವನು ಬಾಯಿ ತೆರೆದ. ಹೌದು ಎನ್ನುವುದಕ್ಕೆ ಬೇಕಾದ ಉಸಿರನ್ನೂ ತೆಗೆದುಕೊಂಡ. ಮಾತು ಬರಲಿಲ್ಲ. ಅವಳು ಕಾದಳು. ದೂರದ ತೋಟದಲ್ಲಿ ಯಾರೋ ಗರಿ ಎಳೆಯುವ ಸದ್ದು ಬಂದು ನಿಂತಿತು. ಅವಳು ಇನ್ನೂ ಕಾದಳು. ಅವನು ತಲೆ ಬಗ್ಗಿಸಿ, ತನ್ನ ಅಂಗಿಯ ಮೇಲೆ ಹಸಿಯಾಗಿದ್ದ ಜಾಗವನ್ನು ನೋಡುತ್ತ ಕೂತ.

ಮೊಬೈಲಿನಿಂದ ಕಣ್ಣು ತೆಗೆದು ಅವಳು ಆಗ ಮೊದಲ ಸಲ ಅವನ ಮುಖವನ್ನು ನೆಟ್ಟಗೆ ನೋಡಿದಳು. ಬಹಳ ಹೊತ್ತು ನೋಡಿದಳು. ಅವನು ಟವೆಲು ಎತ್ತಲಿಲ್ಲ. ಆಮೇಲೆ ‘ಬಸ್ಸಿನ ಹೊತ್ತಾಯ್ತು ಸ್ವಾಮಿ’ ಎಂದು, ಅರ್ಧ ಕೂಡಿಸಿದ್ದ ಪೊರಕೆಯನ್ನು ಎತ್ತಿಕೊಂಡು ಒಳಗೆ ಹೋದಳು.